ಹಳೆಯ ಕಂಪ್ಯೂಟರಿನಲ್ಲಿ ಕೆಟ್ಟ ಸಿಸ್ಟಂ ಫೈಲುಗಳ ದುರಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಇರುವ ಯಂತ್ರಗಳನ್ನು ಇಂದಿಗೂ ನಡೆಸುತ್ತಿರುವವರಿಗಾಗಿ ಈ ಪ್ರಶ್ನೋತ್ತರಗಳನ್ನು ಬರೆಯಲಾಗಿದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ ನಿಂತದ್ದು 2020ರ ಜನವರಿ 14ರಂದು. ಆದರೂ ನಮ್ಮ ತಾಲ್ಲೂಕು ಕೇಂದ್ರಗಳ ಡಿಟಿಪಿ ಅಂಗಡಿಗಳಲ್ಲಿ, ಚಿಕ್ಕ ಮುದ್ರಣಾಲಯಗಳಲ್ಲಿ ಈ ಯಂತ್ರಗಳು ಉಳಿದುಕೊಂಡಿವೆ. ಪೇಜ್‌ಮೇಕರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಮಾಡಿಟ್ಟ ಕೆಲಸ, ಹಿಂಬದಿಯ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದರಷ್ಟೇ ತೆರೆಯುವ ಲಿಪಿ ತಂತ್ರಾಂಶದ ಡಾಂಗಲ್ ಎಂಬ ಕೀಲಿ, ಇವನ್ನು ಹೊಸ ಯಂತ್ರಕ್ಕೆ ಸಾಗಿಸುವುದು ಸುಲಭವಲ್ಲ ಎಂಬುದು ಅಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು. ಕೆಳಗೆ ಕಮಾಂಡುಗಳನ್ನು ಓದಲು ಅನುಕೂಲವಾಗಲೆಂದು ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು.

ಸಿಸ್ಟಂ ಫೈಲು ಕೆಟ್ಟಿದೆ ಎಂದು ಹೇಗೆ ತಿಳಿಯುವುದು?

ವಿಂಡೋಸ್ ಫೋಲ್ಡರಿನೊಳಗೆ, ಮುಖ್ಯವಾಗಿ ಸಿಸ್ಟಂ32 ಮತ್ತು ಅದರ ಡ್ರೈವರ್ಸ್ ಫೋಲ್ಡರುಗಳಲ್ಲಿ ಇರುವ, ಡಿಎಲ್‌ಎಲ್, ಇಎಕ್ಸ್‌ಇ, ಎಸ್‌ವೈಎಸ್ ಎಂಬ ಬಾಲವುಳ್ಳ ಫೈಲುಗಳೇ ಬಹುಮಟ್ಟಿಗೆ ಸಿಸ್ಟಂ ಫೈಲುಗಳು. ಇವುಗಳಲ್ಲಿ ಒಂದು ಕೆಟ್ಟರೆ ಇಂತಹ ಡಿಎಲ್‌ಎಲ್ ಸಿಗುತ್ತಿಲ್ಲ ಎಂಬ ಸಂದೇಶ ಬರಬಹುದು, ಕಂಟ್ರೋಲ್ ಪ್ಯಾನೆಲ್ಲಿನ ಒಂದು ಭಾಗ ಮಾತ್ರ ತೆರೆಯದೆ ಹೋಗಬಹುದು, ನೀಲಿ ಪರದೆ ಕಾಣಿಸಬಹುದು, ಅಥವಾ ಯಂತ್ರ ಲೋಗೋ ತೋರಿಸಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿರಬಹುದು. ಕೇವಲ ನಿಧಾನವಾಗಿದೆ ಎಂಬುದು ಸಿಸ್ಟಂ ಫೈಲು ಕೆಟ್ಟಿರುವುದಕ್ಕೆ ಗುರುತಲ್ಲ.

ಯಾರೂ ಮುಟ್ಟದಿದ್ದರೂ ಫೈಲುಗಳು ಏಕೆ ಕೆಡುತ್ತವೆ?

ಈ ಪ್ರಶ್ನೆಯನ್ನು ದುರಸ್ತಿಗೆ ಮೊದಲೇ ಕೇಳಿಕೊಳ್ಳಬೇಕು, ಏಕೆಂದರೆ ಕಾರಣ ಹಾಗೆಯೇ ಉಳಿದರೆ ಇಂದು ಹಾಕಿದ ಹೊಸ ಫೈಲು ಮುಂದಿನ ತಿಂಗಳು ಮತ್ತೆ ಕೆಡುತ್ತದೆ. ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಕರೆಂಟನ್ನು. ಯಂತ್ರ ಡಿಸ್ಕಿಗೆ ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ಅರ್ಧ ಬರೆದ ಫೈಲು ಅರ್ಧವಾಗಿಯೇ ಉಳಿಯುತ್ತದೆ. ಎನ್‌ಟಿಎಫ್‌ಎಸ್ ಪದ್ಧತಿಯ ಡಿಸ್ಕಿನಲ್ಲಿ ಜರ್ನಲ್ ಎಂಬ ದಾಖಲೆ ಇರುವುದರಿಂದ ಫೋಲ್ಡರುಗಳ ರಚನೆ ಉಳಿದುಕೊಳ್ಳುತ್ತದೆ, ಆದರೆ ಆ ಜರ್ನಲ್ ಫೈಲಿನ ಒಳಗಿನ ವಿಷಯವನ್ನು ಕಾಪಾಡುವುದಿಲ್ಲ. ಯುಪಿಎಸ್ ಇದೆಯಲ್ಲ ಎಂದು ಹಲವರು ಹೇಳುತ್ತಾರೆ. ಕರೆಂಟ್ ಇರುವಾಗಲೇ ಒಮ್ಮೆ, ಎಲ್ಲ ಕೆಲಸ ಸೇವ್ ಮಾಡಿ, ಅದರ ಪ್ಲಗ್ ಕಿತ್ತು ನೋಡಿದರೆ ಬ್ಯಾಟರಿ ಎಂದೋ ಸತ್ತುಹೋಗಿರುವುದು ತಿಳಿಯುತ್ತದೆ.

ಎರಡನೆಯ ಕಾರಣ ಹಾರ್ಡ್ ಡಿಸ್ಕಿನ ಮುಪ್ಪು. ಹತ್ತು ವರ್ಷ ತಿರುಗಿದ ಡಿಸ್ಕಿನಲ್ಲಿ ಓದಲಾಗದ ಸೆಕ್ಟರುಗಳು, ಎಂದರೆ ಕೆಟ್ಟ ತುಣುಕುಗಳು, ಹುಟ್ಟಿಕೊಳ್ಳುತ್ತವೆ, ಅವು ಸಿಸ್ಟಂ ಫೈಲು ಕುಳಿತ ಜಾಗದಲ್ಲೇ ಹುಟ್ಟಿದರೆ ಆ ಫೈಲು ಹೋಯಿತು. ಮೂರನೆಯದು ರ‍್ಯಾಮ್ ಅಥವಾ ಡಿಸ್ಕಿನ ಕೇಬಲ್; ಇಲ್ಲಿ ಡಿಸ್ಕ್ ಸರಿಯಾಗಿದ್ದರೂ ದತ್ತಾಂಶ ದಾರಿಯಲ್ಲೇ ಕೆಡುತ್ತದೆ. 2000ದ ದಶಕದ ಆರಂಭದ ಎಷ್ಟೋ ಮದರ್‌ಬೋರ್ಡುಗಳಲ್ಲಿ ಕಪಾಸಿಟರುಗಳು ಕಳಪೆಯಾಗಿದ್ದವು. ಕ್ಯಾಬಿನೆಟ್ ತೆರೆದು ಪ್ರೊಸೆಸರಿನ ಸುತ್ತ ನಿಂತಿರುವ ಪುಟ್ಟ ಡಬ್ಬಿಗಳ ತಲೆ ಉಬ್ಬಿದೆಯೇ, ಕಂದು ಬಣ್ಣದ ದ್ರವ ಒಸರಿದೆಯೇ ಎಂದು ನೋಡಬೇಕು. ಉಬ್ಬಿದ್ದರೆ ತಂತ್ರಾಂಶದ ದುರಸ್ತಿಯನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ವೈರಸ್ಸನ್ನು ಎಲ್ಲರೂ ಮೊದಲು ಹೆಸರಿಸುತ್ತಾರೆ, ಅದೂ ಕಾರಣವಾಗಬಹುದು. ಆದರೆ ವೈರಸ್ ನಿರೋಧಕವೇ ಸಿಸ್ಟಂ ಫೈಲನ್ನು ವೈರಸ್ಸೆಂದು ತಪ್ಪಾಗಿ ತಿಳಿದು ತೆಗೆದುಹಾಕಿದ ಉದಾಹರಣೆಯೂ ಇದೆ: 2010ರ ಏಪ್ರಿಲ್‌ನಲ್ಲಿ ಒಂದು ಹೆಸರಾಂತ ನಿರೋಧಕದ ಅಪ್‌ಡೇಟ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 3 (ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕೊಟ್ಟ ಸುಧಾರಣೆಗಳ ಮೂರನೆಯ ಕಟ್ಟು) ಇದ್ದ ಯಂತ್ರಗಳಲ್ಲಿ ಎಸ್‌ವಿಸಿಹೋಸ್ಟ್ ಎಂಬ ಅತಿ ಮುಖ್ಯ ಫೈಲನ್ನೇ ಹಿಡಿದುಹಾಕಿ, ಜಗತ್ತಿನ ಹಲವೆಡೆ ಕಚೇರಿಗಳ ಕಂಪ್ಯೂಟರುಗಳನ್ನು ನಿಲ್ಲಿಸಿತ್ತು.

ಡಿಸ್ಕಿನದೇ ದೋಷವೋ ಅಲ್ಲವೋ ಎಂದು ಕಂಡುಕೊಳ್ಳುವ ಸುಲಭ ದಾರಿ ಇದೆಯೇ?

ಇದೆ. ಸ್ಟಾರ್ಟ್ ಮೆನುವಿನ ರನ್ ಪೆಟ್ಟಿಗೆಯಲ್ಲಿ ಈವೆಂಟ್‌ವಿಡಬ್ಲ್ಯುಆರ್ ಎಂದು ಟೈಪ್ ಮಾಡಿದರೆ ಈವೆಂಟ್ ವ್ಯೂವರ್ ತೆರೆಯುತ್ತದೆ. ಅದರ ಸಿಸ್ಟಂ ವಿಭಾಗದಲ್ಲಿ ಕೆಂಪು ಗುರುತಿನ ಸಾಲುಗಳನ್ನು ಹುಡುಕಿ, ಸೋರ್ಸ್ ಎಂಬಲ್ಲಿ ಡಿಸ್ಕ್ ಎಂದಿದ್ದು ಸಂಖ್ಯೆ 7 ಎಂದಿದ್ದರೆ ಕೆಟ್ಟ ಸೆಕ್ಟರ್ ಸಿಕ್ಕಿದೆ ಎಂದರ್ಥ; 11 ಎಂದಿದ್ದರೆ ಕಂಟ್ರೋಲರ್ ಅಥವಾ ಕೇಬಲ್ಲಿನ ಕಡೆ ನೋಡಬೇಕು; ಎನ್‌ಟಿಎಫ್‌ಎಸ್ ಹೆಸರಿನ ಸಂಖ್ಯೆ 55 ಇದ್ದರೆ ಡಿಸ್ಕಿನ ಮೇಲಿನ ಫೈಲ್ ವ್ಯವಸ್ಥೆಯೇ ಹಾಳಾಗಿದೆ. 7ನೆಯ ಸಂಖ್ಯೆ ಒಂದೇ ದಿನದಲ್ಲಿ ಹತ್ತಾರು ಸಲ ಬಂದಿದ್ದರೆ ಆ ಡಿಸ್ಕನ್ನು ನಂಬಬಾರದು.

ದುರಸ್ತಿ ಆರಂಭಿಸುವ ಮೊದಲು ಏನು ಮಾಡಬೇಕು?

ನಿಮ್ಮ ಕೆಲಸದ ಫೈಲುಗಳನ್ನು ಬೇರೆ ಡಿಸ್ಕಿಗೆ ನಕಲು ಮಾಡಬೇಕು. ಇದು ಎಲ್ಲರೂ ಹೇಳುವ ಮಾತು, ಯಾರೂ ಪಾಲಿಸದ ಮಾತು. ನಾನೂ ಒಮ್ಮೆ ಪಾಲಿಸಲಿಲ್ಲ. ಪರಿಚಯದ ಮುದ್ರಣಾಲಯವೊಂದರಲ್ಲಿ ಎಕ್ಸ್‌ಪಿ ಯಂತ್ರ ತಡವರಿಸುತ್ತಿತ್ತೆಂದು ಸಂಜೆ ಡಿಸ್ಕ್ ಪರೀಕ್ಷೆಗೆ ಹಚ್ಚಿ ಮನೆಗೆ ಹೋದೆ. ಒಳಗಿನಿಂದ ಗೋಡೆ ಗಡಿಯಾರದಂತೆ ಟಿಕ್ ಟಿಕ್ ಸದ್ದು ಬರುತ್ತಿದ್ದುದನ್ನು ಕೇಳಿಯೂ ಕೇಳದವನಂತೆ ಇದ್ದೆ. ಬೆಳಿಗ್ಗೆ ಬಂದು ನೋಡಿದರೆ ಪರೀಕ್ಷೆ ಅರ್ಧಕ್ಕೆ ನಿಂತಿತ್ತು, ಯಂತ್ರವನ್ನು ಮೊದಲು ಎಬ್ಬಿಸುವ ಬಯೋಸ್ ಆ ಡಿಸ್ಕನ್ನು ಗುರುತಿಸುವುದನ್ನೇ ಬಿಟ್ಟಿತ್ತು, ಆ ಮದುವೆ ಕಾಲದ ಲಗ್ನಪತ್ರಿಕೆಗಳೆಲ್ಲ ಅದರೊಳಗೇ ಉಳಿದವು. ಸಾಯುತ್ತಿರುವ ಡಿಸ್ಕಿನ ಮೂಲೆ ಮೂಲೆಯನ್ನೂ ಓದಿಸುವ ಪರೀಕ್ಷೆ ಅದರ ಕೊನೆಯ ಉಸಿರನ್ನು ಖರ್ಚು ಮಾಡಿಸುತ್ತದೆ, ಆ ಉಸಿರನ್ನು ನಕಲಿಗೆ ಬಳಸಬೇಕಾಗಿತ್ತು.

ವಿಂಡೋಸ್ ತೆರೆಯದಿದ್ದರೆ ಡಿಸ್ಕನ್ನು ಬಿಚ್ಚಿ ಯುಎಸ್‌ಬಿ ಅಡಾಪ್ಟರಿನ ಮೂಲಕ ಇನ್ನೊಂದು ಯಂತ್ರಕ್ಕೆ ಜೋಡಿಸಬಹುದು. ಅಡಾಪ್ಟರ್ ಕೊಳ್ಳುವ ಮೊದಲು ಡಿಸ್ಕ್ ಅಗಲ ಪಟ್ಟಿಯ ಐಡಿಇ ಬಗೆಯದೋ ತೆಳುವಾದ ಸಾಟಾ ಬಗೆಯದೋ ಎಂದು ನೋಡಿಕೊಳ್ಳಬೇಕು. ಇಲ್ಲವೇ ಪಪ್ಪಿ ಲಿನಕ್ಸ್‌ನಂತಹ ಪುಟ್ಟ ವ್ಯವಸ್ಥೆಯನ್ನು ಸಿಡಿಯಿಂದ ಬೂಟ್ ಮಾಡಿ, ಅಂದರೆ ಯಂತ್ರವನ್ನು ಸಿಡಿಯಿಂದಲೇ ಆರಂಭಿಸಿ, ಫೈಲುಗಳನ್ನು ಪೆನ್‌ಡ್ರೈವಿಗೆ ತೆಗೆಯಬಹುದು.

ಮೈ ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪನ್ನು ಎಲ್ಲರೂ ನಕಲು ಮಾಡುತ್ತಾರೆ, ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನು ಮರೆಯುತ್ತಾರೆ. ಯೂನಿಕೋಡ್ ಅಲ್ಲದ ನುಡಿ, ಬರಹ ಮೊದಲಾದ ಹಳೆಯ ಫಾಂಟುಗಳಲ್ಲಿ ಮಾಡಿದ ಕಡತಗಳನ್ನು ಆಯಾ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ.

ಎಕ್ಸ್‌ಪಿಯಲ್ಲಿ ಸಿಸ್ಟಂ ಫೈಲುಗಳನ್ನು ಪರೀಕ್ಷಿಸುವುದು ಹೇಗೆ?

ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿದ್ದು, ರನ್ ಪೆಟ್ಟಿಗೆಯಲ್ಲಿ ಸಿಎಂಡಿ ಎಂದು ಕೊಟ್ಟು, ತೆರೆದ ಕಪ್ಪು ಕಿಟಕಿಯಲ್ಲಿ ಎಸ್‌ಎಫ್‌ಸಿ, ಒಂದು ಸ್ಪೇಸ್, ಸ್ಲ್ಯಾಷ್, ಸ್ಕ್ಯಾನ್‌ನೌ ಎಂದು ಟೈಪ್ ಮಾಡಬೇಕು. ಕೊನೆಯದು ಒಂದೇ ಪದ, ಅದರ ನಡುವೆ ಸ್ಪೇಸ್ ಬರುವುದಿಲ್ಲ. ಎಸ್‌ಎಫ್‌ಸಿ ಎಂದರೆ ಸಿಸ್ಟಂ ಫೈಲ್ ಚೆಕರ್. ಅದು ಪ್ರತಿಯೊಂದು ರಕ್ಷಿತ ಫೈಲನ್ನೂ ಮೈಕ್ರೋಸಾಫ್ಟ್ ಸಹಿಯೊಡನೆ ಹೋಲಿಸಿ, ತಾಳೆಯಾಗದ ಫೈಲಿಗೆ ಬದಲಿಯನ್ನು ಮೊದಲು ಸಿಸ್ಟಂ32 ಒಳಗಿನ ಡಿಎಲ್‌ಎಲ್‌ಕ್ಯಾಷ್ ಎಂಬ ಅಡಗಿದ ಫೋಲ್ಡರಿನಲ್ಲಿ ಹುಡುಕುತ್ತದೆ, ಅಲ್ಲಿ ಇಲ್ಲದಿದ್ದರೆ ಎಕ್ಸ್‌ಪಿ ಸಿಡಿ ಹಾಕಿ ಎನ್ನುತ್ತದೆ. ಕೆಲಸ ಮುಗಿದ ಮೇಲೆ ಏನೂ ಹೇಳದೆ ಕಿಟಕಿ ಮುಚ್ಚಿಕೊಳ್ಳುವುದರಿಂದ ಕೆಲಸ ಆಯಿತೋ ಇಲ್ಲವೋ ಎಂಬ ಗೊಂದಲ ಸಹಜ. ಯಾವ ಫೈಲು ಬದಲಾಯಿತೆಂಬುದು ಈವೆಂಟ್ ವ್ಯೂವರಿನಲ್ಲಿ ವಿಂಡೋಸ್ ಫೈಲ್ ಪ್ರೊಟೆಕ್ಷನ್ ಎಂಬ ಹೆಸರಿನಡಿ ದಾಖಲಾಗಿರುತ್ತದೆ. ಇದರಿಂದ ನಿಮ್ಮ ಸ್ವಂತ ಫೈಲುಗಳಿಗೆ ಧಕ್ಕೆಯಿಲ್ಲ.

ಸಿಡಿ ಹಾಕಿದ್ದರೂ ಸಿಡಿ ಹಾಕಿ ಎಂದೇ ಕೇಳುತ್ತಿದೆ. ಏನು ಮಾಡುವುದು?

ಎಕ್ಸ್‌ಪಿ ಬಳಸುವವರಿಗೆ ಇದಕ್ಕಿಂತ ಹೆಚ್ಚು ತಲೆನೋವು ಕೊಡುವ ಸಂಗತಿ ಇನ್ನೊಂದಿಲ್ಲ. ಸಿಡಿ ಕೆಟ್ಟಿರಬಹುದು ಅಥವಾ ಡ್ರೈವಿನ ಲೆನ್ಸ್ ಮೇಲೆ ಧೂಳು ಕೂತಿರಬಹುದು. ಆದರೆ ಹೆಚ್ಚಿನ ಸಲ ಕಾರಣ ಸರ್ವಿಸ್ ಪ್ಯಾಕ್. ನಿಮ್ಮ ಸಿಡಿ 2001ರ ಮೂಲ ಎಕ್ಸ್‌ಪಿಯದೋ 2004ರಲ್ಲಿ ಬಂದ ಸರ್ವಿಸ್ ಪ್ಯಾಕ್ 2ರದೋ ಆಗಿದ್ದು, ಯಂತ್ರಕ್ಕೆ ಆಮೇಲೆ 2008ರ ಸರ್ವಿಸ್ ಪ್ಯಾಕ್ 3 ಹಾಕಿದ್ದರೆ, ಸಿಡಿಯಲ್ಲಿರುವ ಫೈಲುಗಳು ಯಂತ್ರದ ಲೆಕ್ಕದಲ್ಲಿ ಹಳೆಯವು. ಹೆಸರು ಒಂದೇ ಆದರೂ ಸಹಿ ತಾಳೆಯಾಗದ ಕಾರಣ ಎಸ್‌ಎಫ್‌ಸಿ ಅವನ್ನು ಒಪ್ಪದೆ ಸರಿಯಾದ ಸಿಡಿ ಹಾಕಿ ಎಂದು ಕೇಳುತ್ತಲೇ ಇರುತ್ತದೆ. ಹೋಮ್ ಆವೃತ್ತಿಯ ಯಂತ್ರಕ್ಕೆ ಪ್ರೊಫೆಷನಲ್ ಸಿಡಿ ಹಾಕಿದರೂ ಹೀಗೆಯೇ ಆಗುತ್ತದೆ.

ಪರಿಹಾರ ಎರಡು ಹಂತದ್ದು. ಸಿಡಿಯಲ್ಲಿರುವ ಐ386 ಎಂಬ ಫೋಲ್ಡರನ್ನು ಇಡಿಯಾಗಿ ಸಿ ಡ್ರೈವಿಗೆ ನಕಲು ಮಾಡಿ. ನಂತರ ವಿಂಡೋಸಿನ ಸೆಟ್ಟಿಂಗುಗಳ ದಾಖಲೆಯಾದ ರಿಜಿಸ್ಟ್ರಿಯನ್ನು ತಿದ್ದುವ ರೆಜ್‌ಎಡಿಟ್ ತೆರೆದು ಎಚ್‌ಕೀ ಲೋಕಲ್ ಮೆಷೀನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್‌ವರ್ಷನ್, ಸೆಟಪ್ ಎಂಬ ಕ್ರಮದಲ್ಲಿ ಇಳಿದುಹೋದರೆ ಬಲಗಡೆ ಸೋರ್ಸ್‌ಪಾತ್ ಎಂಬ ಸಾಲು ಕಾಣುತ್ತದೆ. ಅದರಲ್ಲಿ ಸಿಡಿ ಡ್ರೈವಿನ ಅಕ್ಷರದ ಬದಲು ಸಿ, ಕೋಲನ್, ಬ್ಯಾಕ್‌ಸ್ಲ್ಯಾಷ್ ಎಂದಷ್ಟೇ ಬರೆಯಬೇಕು. ಅಲ್ಲಿ ಐ386 ಎಂಬುದನ್ನೂ ಸೇರಿಸುವವರೇ ಹೆಚ್ಚು, ಸೇರಿಸಬಾರದು. ಆ ಹೆಸರನ್ನು ವಿಂಡೋಸ್ ತಾನೇ ಜೋಡಿಸಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ಇರುವ ಸರ್ವಿಸ್‌ಪ್ಯಾಕ್‌ಸೋರ್ಸ್‌ಪಾತ್ ಎಂಬ ಸಾಲು ವಿಂಡೋಸ್ ಫೋಲ್ಡರಿನೊಳಗಿನ ಸರ್ವಿಸ್‌ಪ್ಯಾಕ್‌ಫೈಲ್ಸ್ ಫೋಲ್ಡರನ್ನು ತೋರಿಸುತ್ತಿರಬೇಕು. ಜಾಗ ಉಳಿಸಲೆಂದು ಆ ಫೋಲ್ಡರನ್ನು ಯಾರಾದರೂ ಅಳಿಸಿದ್ದರೆ ಈ ದಾರಿ ಮುಚ್ಚಿದಂತೆ. ಆಗ ಸರ್ವಿಸ್ ಪ್ಯಾಕ್ 3 ಸೇರಿಸಿ ತಯಾರಿಸಿದ ಸಿಡಿಯೇ ಬೇಕು. ಮಾಡಿದ ಬದಲಾವಣೆ ಯಂತ್ರ ರೀಸ್ಟಾರ್ಟ್ ಆದ ಮೇಲೆ ಜಾರಿಗೆ ಬರುತ್ತದೆ.

ವಿಂಡೋಸ್ 7ರಲ್ಲಿ ಕ್ರಮ ಬೇರೆಯೇ?

ಕಮಾಂಡ್ ಅದೇ, ಆದರೆ ಸ್ಟಾರ್ಟ್ ಮೆನುವಿನಲ್ಲಿ ಕಮಾಂಡ್ ಪ್ರಾಂಪ್ಟಿನ ಮೇಲೆ ಬಲ ಕ್ಲಿಕ್ ಮಾಡಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂದು ಆರಿಸಿ ತೆರೆಯಬೇಕು. ಇಲ್ಲಿ ಸಿಡಿ ಕೇಳುವುದಿಲ್ಲ, ಏಕೆಂದರೆ ವಿಸ್ಟಾದಿಂದ ಈಚೆಗೆ ಮೂಲ ಫೈಲುಗಳ ಉಗ್ರಾಣ ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರಿನಲ್ಲಿ ಯಂತ್ರದೊಳಗೇ ಇದೆ. ಆ ಫೋಲ್ಡರ್ ದೊಡ್ಡದೆಂದು ಕೈಯಾರೆ ಅಳಿಸುವುದು ಬಿತ್ತನೆ ಬೀಜವನ್ನೇ ಬೇಯಿಸಿಕೊಂಡು ಉಂಡಂತೆ. ಪರೀಕ್ಷೆಯ ಕೊನೆಗೆ, ಯಾವ ದೋಷವೂ ಇಲ್ಲ, ದೋಷವಿತ್ತು ಸರಿಪಡಿಸಲಾಯಿತು, ದೋಷವಿದೆ ಆದರೆ ಕೆಲವನ್ನು ಸರಿಪಡಿಸಲಾಗಲಿಲ್ಲ ಎಂಬ ಮೂರರಲ್ಲಿ ಒಂದು ಸಂದೇಶ ಬರುತ್ತದೆ. ಬಾಕಿ ಉಳಿದ ದುರಸ್ತಿಗೆ ರೀಸ್ಟಾರ್ಟ್ ಬೇಕು ಎಂಬ ಸಂದೇಶ ಬಂದರೆ ಮೊದಲು ಹಾಗೆ ಮಾಡಿ ಮತ್ತೆ ಪ್ರಯತ್ನಿಸಬೇಕು.

ಕೆಲವನ್ನು ಸರಿಪಡಿಸಲಾಗಲಿಲ್ಲ ಎಂದು ಬಂದರೆ ಮುಂದೇನು?

ಯಂತ್ರವನ್ನು ಸೇಫ್ ಮೋಡಿನಲ್ಲಿ, ಅಂದರೆ ಅತ್ಯಗತ್ಯ ಭಾಗಗಳಷ್ಟೇ ನಡೆಯುವಂತೆ, ತೆರೆದು ಅದೇ ಕಮಾಂಡನ್ನು ಇನ್ನೊಮ್ಮೆ ಕೊಡಿ. ಬಳಕೆಯಲ್ಲಿದ್ದ ಫೈಲುಗಳು ಆಗ ಬಿಡುಗಡೆಯಾಗಿರುತ್ತವೆ. ಆಗಲೂ ಆಗದಿದ್ದರೆ ವಿಂಡೋಸ್ ಫೋಲ್ಡರಿನ ಲಾಗ್ಸ್ ಒಳಗಿರುವ ಸಿಬಿಎಸ್ ಎಂಬ ಫೋಲ್ಡರಿನಲ್ಲಿ ಸಿಬಿಎಸ್ ಡಾಟ್ ಲಾಗ್ ಎಂಬ ಫೈಲನ್ನು ಡೆಸ್ಕ್‌ಟಾಪಿಗೆ ನಕಲು ಮಾಡಿ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಚೌಕ ಕಂಸದೊಳಗೆ ಎಸ್ ಆರ್ ಎಂದಿರುವ ಸಾಲುಗಳಷ್ಟೇ ಎಸ್‌ಎಫ್‌ಸಿಗೆ ಸಂಬಂಧಿಸಿದವು, ಉಳಿದ ಸಾವಿರಾರು ಸಾಲುಗಳಿಗೆ ಹೆದರಬೇಕಾಗಿಲ್ಲ. ಆ ಸಾಲುಗಳಲ್ಲಿ ರಿಪೇರಿಯಾಗದ ಫೈಲಿನ ಹೆಸರು ಸಿಗುತ್ತದೆ.

ಉಗ್ರಾಣವೇ ಕೆಟ್ಟಿದ್ದರೆ ಡಿಐಎಸ್‌ಎಂ ರೀಸ್ಟೋರ್‌ಹೆಲ್ತ್ ಎಂಬ ಕಮಾಂಡ್ ಕೊಡಿ ಎಂದು ಬಹಳ ಕಡೆ ಓದಲು ಸಿಗುತ್ತದೆ. ಅದು ವಿಂಡೋಸ್ 8 ಮತ್ತು ನಂತರದವುಗಳಿಗೆ ಸೇರಿದ್ದು, 7ರಲ್ಲಿ ನಡೆಯುವುದಿಲ್ಲ. 7ಕ್ಕೆ ಅದೇ ಕೆಲಸಕ್ಕೆ ಸಿಸ್ಟಂ ಅಪ್‌ಡೇಟ್ ರೆಡಿನೆಸ್ ಟೂಲ್ ಇತ್ತು, ಕೆಬಿ947821 ಅದರ ಸಂಖ್ಯೆ. 32 ಬಿಟ್‌ಗೂ 64 ಬಿಟ್‌ಗೂ ಬೇರೆ ಬೇರೆ ಪ್ರತಿಗಳಿವೆ.

ಬೇಕಾದ ಡಿಎಲ್‌ಎಲ್ ಒಂದನ್ನು ಅಂತರ್ಜಾಲದಿಂದ ಇಳಿಸಿ ಹಾಕಿದರೆ ಸಾಲದೇ?

ಬೇಡ. ಡಿಎಲ್‌ಎಲ್ ಹಂಚುವ ತಾಣಗಳಲ್ಲಿ ಫೈಲಿನ ಹೆಸರಷ್ಟೇ ನಂಬಿಕೆಗೆ ಆಧಾರ, ಆವೃತ್ತಿ ಯಾವುದೋ ಒಳಗೆ ಏನಿದೆಯೋ ಹೇಳುವವರಿಲ್ಲ. ಅದೇ ವಿಂಡೋಸ್, ಅದೇ ಸರ್ವಿಸ್ ಪ್ಯಾಕ್, ಅದೇ ಬಿಟ್ ಇರುವ ಇನ್ನೊಂದು ಆರೋಗ್ಯವಂತ ಯಂತ್ರದಿಂದ ನಕಲು ತರುವುದು ಸರಿಯಾದ ದಾರಿ. ವಿಂಡೋಸ್ 7ರಲ್ಲಿ ಈ ಫೈಲುಗಳ ಒಡೆತನ ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ಸೇವೆಯದಾಗಿರುವುದರಿಂದ ಟೇಕ್‌ಓನ್ ಮತ್ತು ಐಕ್ಯಾಕಲ್ಸ್ ಕಮಾಂಡುಗಳಿಂದ ಮೊದಲು ಅನುಮತಿ ಪಡೆಯಬೇಕಾಗುತ್ತದೆ. 64 ಬಿಟ್ ಯಂತ್ರದಲ್ಲಿ ಇನ್ನೊಂದು ತಮಾಷೆ ಇದೆ: ಸಿಸ್ಟಂ32 ಎಂಬ ಹೆಸರಿನ ಫೋಲ್ಡರಿನಲ್ಲಿ ಇರುವುದು 64 ಬಿಟ್ ಫೈಲುಗಳು, ಸಿಸ್‌ವಾವ್64 ಎಂಬುದರಲ್ಲಿ ಇರುವುದು 32 ಬಿಟ್ ಫೈಲುಗಳು. ಹೆಸರು ನಂಬಿ ಅದಲುಬದಲು ಮಾಡಿದವರು ಕಡಿಮೆಯೇನಲ್ಲ.

ಎಕ್ಸ್‌ಪಿ ಯಂತ್ರ ತೆರೆಯುವುದೇ ಇಲ್ಲ. ಎಸ್‌ಎಫ್‌ಸಿ ಎಲ್ಲಿಂದ ನಡೆಸಲಿ?

ಎಕ್ಸ್‌ಪಿಯಲ್ಲಿ ಹೊರಗಿನಿಂದ ಎಸ್‌ಎಫ್‌ಸಿ ನಡೆಸಲು ಬರುವುದಿಲ್ಲ. ಬದಲಿಗೆ ರಿಕವರಿ ಕನ್ಸೋಲ್ ಇದೆ. ಸಿಡಿಯಿಂದ ಬೂಟ್ ಮಾಡಿ, ಸೆಟಪ್ಪಿನ ಸ್ವಾಗತ ಪರದೆಯಲ್ಲಿ ಆರ್ ಒತ್ತಿ, ಪಟ್ಟಿಯಲ್ಲಿ ತೋರಿಸಿದ ವಿಂಡೋಸಿನ ಸಂಖ್ಯೆ, ಸಾಮಾನ್ಯವಾಗಿ 1, ಕೊಟ್ಟು ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಹಾಕಬೇಕು. ಸಿಡಿ ಬೂಟ್ ಆಗುವಾಗಲೇ 7ಬಿ ಎಂದು ಕೊನೆಗೊಳ್ಳುವ ಸಂಖ್ಯೆಯ ನೀಲಿ ಪರದೆ ಬಂದರೆ ಬಯೋಸಿನಲ್ಲಿ ಸಾಟಾ ವಿಧಾನ ಎಎಚ್‌ಸಿಐ ಎಂದಿರಬಹುದು. ಹಾಗಿದ್ದರೆ ಅದನ್ನು ಐಡಿಇ ಎಂದು ಬದಲಿಸಿ ನೋಡಬೇಕು.

ಮುಂದಿನ ಕೆಲಸ ಪರದೆಯ ಸಂದೇಶವನ್ನು ಅವಲಂಬಿಸಿದೆ. ವಿಂಡೋಸನ್ನು ಆರಂಭಿಸುವ ಎನ್‌ಟಿಎಲ್‌ಡಿಆರ್ ಎಂಬ ಫೈಲು ಇಲ್ಲ ಎಂದು ಬಂದರೆ ಮೊದಲು ಯಂತ್ರದಲ್ಲಿ ಪೆನ್‌ಡ್ರೈವೋ ಫ್ಲಾಪಿಯೋ ಉಳಿದಿದೆಯೇ ನೋಡಿ, ಅರ್ಧದಷ್ಟು ಸಲ ಅಷ್ಟೇ ಆಗಿರುತ್ತದೆ. ಇಲ್ಲದಿದ್ದರೆ ಸಿಡಿಯ ಐ386 ಫೋಲ್ಡರಿನಿಂದ ಎನ್‌ಟಿಎಲ್‌ಡಿಆರ್ ಮತ್ತು ಎನ್‌ಟಿಡಿಟೆಕ್ಟ್ ಡಾಟ್ ಕಾಮ್ ಎಂಬ ಎರಡು ಫೈಲುಗಳನ್ನು ಕಾಪಿ ಕಮಾಂಡಿನಿಂದ ಸಿ ಡ್ರೈವಿನ ಬುಡಕ್ಕೆ ಹಾಕಬೇಕು. ಎಚ್‌ಎಎಲ್ ಡಾಟ್ ಡಿಎಲ್‌ಎಲ್ ಇಲ್ಲ ಎಂಬ ಸಂದೇಶ ದಾರಿ ತಪ್ಪಿಸುತ್ತದೆ. ಆ ಫೈಲು ಬಹಳ ಸಲ ಚೆನ್ನಾಗಿಯೇ ಇದ್ದು, ವಿಂಡೋಸ್ ಎಲ್ಲಿದೆ ಎಂದು ಹೇಳುವ ಬೂಟ್ ಡಾಟ್ ಐಎನ್‌ಐ ತಪ್ಪು ಜಾಗವನ್ನು ತೋರಿಸುತ್ತಿರುತ್ತದೆ, ಆಗ ಬೂಟ್‌ಸಿಎಫ್‌ಜಿ ಸ್ಲ್ಯಾಷ್ ರೀಬಿಲ್ಡ್ ಎಂಬ ಕಮಾಂಡ್ ಸಾಕು.

ಡ್ರೈವರ್ ಫೈಲೊಂದು ಕೆಟ್ಟಿದೆ ಎಂದರೆ ಅದನ್ನು ಸಿಡಿಯಿಂದ ಬಿಡಿಸಿ ಹಾಕಬೇಕು. ಸಿಡಿಯಲ್ಲಿ ಹೆಚ್ಚಿನ ಫೈಲುಗಳು ಒತ್ತಿಟ್ಟ ರೂಪದಲ್ಲಿದ್ದು ಅವುಗಳ ಹೆಸರಿನ ಕೊನೆಯ ಅಕ್ಷರದ ಜಾಗದಲ್ಲಿ ಅಂಡರ್‌ಸ್ಕೋರ್ ಇರುತ್ತದೆ: ಎಟಿಎಪಿಐ ಡಾಟ್ ಎಸ್‌ವೈಎಸ್ ಎಂಬ ಫೈಲು ಅಲ್ಲಿ ಎಟಿಎಪಿಐ ಡಾಟ್ ಎಸ್‌ವೈ ಅಂಡರ್‌ಸ್ಕೋರ್ ಎಂದು ಕಾಣುತ್ತದೆ. ಎಕ್ಸ್‌ಪ್ಯಾಂಡ್ ಎಂಬ ಕಮಾಂಡ್ ಕೊಟ್ಟು, ಸಿಡಿಯಲ್ಲಿನ ಅದರ ಪೂರ್ತಿ ವಿಳಾಸವನ್ನೂ ತಲುಪಬೇಕಾದ ಡ್ರೈವರ್ಸ್ ಫೋಲ್ಡರಿನ ವಿಳಾಸವನ್ನೂ ಒಂದು ಸ್ಪೇಸ್ ಬಿಟ್ಟು ಬರೆದರೆ ಫೈಲು ಬಿಚ್ಚಿಕೊಂಡು ಅಲ್ಲಿ ಕೂರುತ್ತದೆ.

ಕಾನ್ಫಿಗ್ ಫೋಲ್ಡರಿನ ಸಿಸ್ಟಂ ಎಂಬ ಫೈಲು ಕೆಟ್ಟಿದೆ ಎಂದಾದರೆ ಅದು ರಿಜಿಸ್ಟ್ರಿಯ ಭಾಗ, ಎಸ್‌ಎಫ್‌ಸಿಯ ವ್ಯಾಪ್ತಿಗೆ ಬರುವುದಿಲ್ಲ. ವಿಂಡೋಸ್ ಫೋಲ್ಡರಿನೊಳಗಿನ ರಿಪೇರ್ ಫೋಲ್ಡರಿನಲ್ಲಿ ಹಳೆಯ ಪ್ರತಿ ಇರುತ್ತದೆ. ಅದು ಸಾಮಾನ್ಯವಾಗಿ ಎಕ್ಸ್‌ಪಿ ಹಾಕಿದ ದಿನದ ಪ್ರತಿಯಾದ್ದರಿಂದ, ಯಂತ್ರ ತೆರೆಯುವಂತೆ ಮಾಡಿ ಸಿಸ್ಟಂ ರೀಸ್ಟೋರ್ ತಲುಪಲಷ್ಟೇ ಅದನ್ನು ಬಳಸಬೇಕು, ಕೆಟ್ಟ ಫೈಲನ್ನು ಅಳಿಸದೆ ಬೇರೆ ಹೆಸರಿಟ್ಟು ಉಳಿಸಿಕೊಳ್ಳಬೇಕು.

ವಿಂಡೋಸ್ 7 ತೆರೆಯದಿದ್ದರೆ?

ಯಂತ್ರ ಆರಂಭವಾಗುವಾಗ ಎಫ್8 ಒತ್ತಿ ರಿಪೇರ್ ಯುವರ್ ಕಂಪ್ಯೂಟರ್ ಆರಿಸಿ, ಅಥವಾ ಡಿವಿಡಿಯಿಂದ ಬೂಟ್ ಮಾಡಿ ಅಲ್ಲಿಗೆ ತಲುಪಿ. ಸ್ಟಾರ್ಟ್‌ಅಪ್ ರಿಪೇರ್ ಮತ್ತು ಸಿಸ್ಟಂ ರೀಸ್ಟೋರ್ ಎರಡೂ ಸೋತರೆ ಅಲ್ಲಿನ ಕಮಾಂಡ್ ಪ್ರಾಂಪ್ಟಿನಲ್ಲಿ ಎಸ್‌ಎಫ್‌ಸಿ ಸ್ಕ್ಯಾನ್‌ನೌ ಜೊತೆಗೆ ಆಫ್‌ಬೂಟ್‌ಡಿರ್ ಮತ್ತು ಆಫ್‌ವಿನ್‌ಡಿರ್ ಎಂಬ ಎರಡು ವಿಳಾಸಗಳನ್ನು ಕೊಡಬೇಕು. ಆ ಪರಿಸರದಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರುವುದು ಸಾಮಾನ್ಯ: 100 ಎಂಬಿಯ ಗುಪ್ತ ಪಾರ್ಟಿಷನ್ ಸಿ ಎಂದಾಗಿ, ನಿಮ್ಮ ವಿಂಡೋಸ್ ಡಿ ಎಂದಾಗಿರಬಹುದು. ಡಿಐಆರ್ ಕಮಾಂಡಿನಿಂದ ವಿಂಡೋಸ್ ಫೋಲ್ಡರ್ ಎಲ್ಲಿದೆ ಎಂದು ನೋಡಿಕೊಂಡೇ ವಿಳಾಸ ಬರೆಯಬೇಕು.

ಪ್ರತಿ ಸಲ ಪರೀಕ್ಷಿಸಿದಾಗಲೂ ಬೇರೆ ಬೇರೆ ಫೈಲು ಕೆಟ್ಟಿದೆ ಎನ್ನುತ್ತದೆ. ಇದೇನು?

ರ‍್ಯಾಮ್. ವಿಂಡೋಸ್ 7ರಲ್ಲಿ ಮೆಮೊರಿ ಡಯಾಗ್ನಾಸ್ಟಿಕ್ ಇದೆ, ಎಕ್ಸ್‌ಪಿಗೆ ಮೆಮ್‌ಟೆಸ್ಟ್86 ಸಿಡಿ ಬೇಕು. ಒಂದೊಂದೇ ಪಟ್ಟಿಯನ್ನು ಕಿತ್ತು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೇ ಸರಿಹೋದ ಯಂತ್ರಗಳು ಎಷ್ಟೋ ಇವೆ.

ಎಕ್ಸ್‌ಪಿಯಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಬಿಡಿಬಿಡಿಯಾಗಿ ಕಾಣುತ್ತಿವೆ. ಇದೂ ಸಿಸ್ಟಂ ಫೈಲಿನ ತೊಂದರೆಯೇ?

ಆಗಿರಬಹುದು. ಯೂನಿಕೋಡ್ ಕನ್ನಡದ ಅಕ್ಷರ ಜೋಡಣೆಯನ್ನು ಎಕ್ಸ್‌ಪಿಯಲ್ಲಿ ಯುಎಸ್‌ಪಿ10 ಎಂಬ ಡಿಎಲ್‌ಎಲ್ ನೋಡಿಕೊಳ್ಳುತ್ತದೆ, ತುಂಗಾ ಎಂಬ ಫಾಂಟ್ ಆಕಾರ ಕೊಡುತ್ತದೆ. ಆದರೆ ಮೊದಲು ಕಂಟ್ರೋಲ್ ಪ್ಯಾನೆಲ್ಲಿನ ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್ ತೆರೆದು, ಲ್ಯಾಂಗ್ವೇಜಸ್ ಎಂಬಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಕುರಿತ ಚೌಕಕ್ಕೆ ಗುರುತು ಬಿದ್ದಿದೆಯೇ ನೋಡಿ. ಬಿದ್ದಿಲ್ಲದಿದ್ದರೆ ಗುರುತು ಹಾಕಿ, ಕೇಳಿದಾಗ ಸಿಡಿ ಕೊಡಿ. ಗುರುತು ಇದ್ದೂ ಅಕ್ಷರ ಒಡೆದಿದ್ದರೆ ಮಾತ್ರ ಎಸ್‌ಎಫ್‌ಸಿ ಕಡೆಗೆ ಹೋಗಬೇಕು.

ಎಲ್ಲವೂ ಸೋತು ಅಂಗಡಿಗೆ ಕೊಡಬೇಕಾಗಿದೆ. ಏನು ಹೇಳಿ ಕೊಡಲಿ?

ಫಾರ್ಮ್ಯಾಟ್ ಮಾಡಬಾರದು ಎಂದು ಬಾಯಲ್ಲಿ ಹೇಳಿದ್ದು ಸಾಲದು, ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿಗೆ ಅಂಟಿಸಿ. ಎಕ್ಸ್‌ಪಿಯಾದರೆ ರಿಪೇರ್ ಇನ್‌ಸ್ಟಾಲ್ ಮಾಡಿಕೊಡಿ ಎಂದು ಕೇಳಿ: ಸಿಡಿಯಿಂದ ಬೂಟ್ ಮಾಡಿ ಮೊದಲ ಪರದೆಯಲ್ಲಿ ಎಂಟರ್, ಒಪ್ಪಂದಕ್ಕೆ ಎಫ್8, ಹಳೆಯ ವಿಂಡೋಸ್ ಕಂಡಾಗ ಆರ್ ಒತ್ತಿದರೆ ಸಿಸ್ಟಂ ಫೈಲುಗಳಷ್ಟೇ ಮರುಸ್ಥಾಪನೆಯಾಗಿ ಪ್ರೋಗ್ರಾಂಗಳು ಮತ್ತು ದಾಖಲೆಗಳು ಉಳಿಯುತ್ತವೆ. ವಿಂಡೋಸ್ 7ರಲ್ಲಿ ಇದೇ ಫಲಕ್ಕೆ, ಯಂತ್ರ ತೆರೆಯುತ್ತಿರುವಾಗಲೇ, ಅದೇ ಆವೃತ್ತಿಯ ಡಿವಿಡಿ ಹಾಕಿ ಅಪ್‌ಗ್ರೇಡ್ ಆರಿಸಬೇಕು. ಡಾಂಗಲ್ಲನ್ನು ಕಿತ್ತು ಮನೆಯಲ್ಲೇ ಇಟ್ಟುಕೊಳ್ಳಿ. ಪ್ರಾಡಕ್ಟ್ ಕೀ ಇರುವ ಅಂಟುಚೀಟಿ ಕ್ಯಾಬಿನೆಟ್ಟಿನ ಪಕ್ಕದಲ್ಲಿ ಮಾಸುತ್ತಿರುತ್ತದೆ, ಅದನ್ನು ಒಂದು ಫೋಟೋ ತೆಗೆದಿಟ್ಟುಕೊಂಡು ಯಂತ್ರವನ್ನು ಕೊಡಿ.